ತೂಕ

ಮಲ್ಪೆಯಲ್ಲಿ ಐಸ್ ಡಿಪೋದ ಮೇಲಿನ ಮಹಡಿ ನನ್ನ ಅಂಗಡಿ.
ಶಟರು ಅರ್ಧ ಎಳೆದಾಗಿತ್ತು.
ವಾಮನ ತಿಂಗಳಾಯರು ಬಗ್ಗಿ ಒಳಬಂದರು.
ಬೆಂಕಿಪೆಟ್ಟಿಗೆಯೊಳಗೆ ಹತ್ತಿ, ಹತ್ತಿಯೊಳಗೆ ಕಾರ್ಡು,
ಉದುರಿದ ಹಲ್ಲು ತಂದವರ ಹಾಗೆ ಮೇಜಿನ ಮೇಲಿಟ್ಟರು.
"ಬೋಟಿನ ಪ್ಲಾಟರಿನದ್ದು. ಎರಡು ತಿಂಗಳು ರಜೆಯಲ್ಲಿ ಮಲಗಿದ್ದು
ಏಳುವುದೇ ಇಲ್ಲ. ನಾಳೆ ನಸುಕಿಗೆ ಹೊರಡಬೇಕು.
ಆಪುಂಡಾ?"

"ತೂಕ" ಅಂದೆ.
ತುಳುವಿನಲ್ಲಿ ನೋಡೋಣ.
ಅಂಗಡಿ ಬೋರ್ಡಿನ ಭಾಷೆಯಲ್ಲಿ ಅದಕ್ಕೆ ಭಾರ ಜಾಸ್ತಿ.

ರೀಡರಿಗೆ ಹಾಕಿದೆ. ಟಿಣ್ ಅನ್ನಬೇಕಾದ ಕಂಪ್ಯೂಟರು
ಬಂದ್ ದಿನದ ಬಸ್ಸಿನ ಹಾಗೆ ಸುಮ್ಮನೆ ನಿಂತಿತು.
ಇನ್ನೊಂದು ತೂತು. ಇನ್ನೊಂದು ರೀಡರು.
ಪಕ್ಕದ ಪುಟ್ಟ ಬೀಗವನ್ನು ಮೇಲೆ ಸರಿಸಿ, ಕೆಳಗೆ ಸರಿಸಿ.
ಭೂತಗನ್ನಡಿ ಹಿಡಿದರೆ
ಒಂಬತ್ತು ಚಿನ್ನದ ಪಟ್ಟಿಗಳಲ್ಲಿ ಮೂರಕ್ಕೆ ಹಸಿರು ಕಿಲುಬು.
ಉಪ್ಪು, ಇನ್ನೇನು.
ಮಗಳ ಕಂಪಾಸಿನಿಂದ ಕದ್ದ ರಬ್ಬರಿನಲ್ಲಿ ಉಜ್ಜಿದೆ,
ಸ್ಪಿರಿಟ್ಟಿನಲ್ಲಿ ಒರೆಸಿದೆ,
ಊದಲು ಬಂದ ತಿಂಗಳಾಯರ ಬಾಯಿಗೆ
ಕೈ ಅಡ್ಡ ಹಿಡಿದೆ.

ಎದ್ದಿತು. ಅರೆಬರೆ.
ಡಿಸ್ಕುಗಳ ಪಟ್ಟಿಯ ಕೊನೆಗೆ, ಹೆಸರಿಲ್ಲದೆ,
ತಾನು ಎಂಟು ಜಿಬಿ ಎಂಬುದಷ್ಟೇ ನೆನಪಿದ್ದು.
ಜೊತೆಗೇ ಆ ಪ್ರಶ್ನೆ ಹಾರಿಬಂತು:
ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು, ಮಾಡಲೇ?
"ಮಾಡಿ, ಮಾಡಿ" ಎಂದರು.
ಬೇಡ ಒತ್ತಿದೆ.
"ಬಲೆಗೆ ತೂತು ಬಿತ್ತೂಂತ
ಬಲೆಯನ್ನೇ ಕಡಲಿಗೆ ಎಸೀತೀರಾ ಮಾರಾಯ್ರೆ?"

ಮೊದಲು ಪಡಿಯಚ್ಚು. ಕಾರ್ಡಿನಲ್ಲಿ ಏನನ್ನೂ ಕದಲಿಸದೆ
ಆದಿಯಿಂದ ಅಂತ್ಯಕ್ಕೆ ನನ್ನ ಡಿಸ್ಕಿಗೆ ನಕಲು,
ಓದಲಾಗದ ಕಡೆ ಸೊನ್ನೆ ಇಟ್ಟು ಮುಂದಕ್ಕೆ.
ಐವತ್ತು ನಿಮಿಷ.
ಕೆಳಗಿನ ಐಸ್ ಪುಡಿಮಾಡುವ ಯಂತ್ರ ನೆಲದೊಳಗಿಂದ
ನನ್ನ ಕುರ್ಚಿಗೆ ಹತ್ತುತ್ತಿತ್ತು.
ಅವರ ಚಾ ಕೆನೆಗಟ್ಟಿತು.

ಆಮೇಲೆ ಬಿಂದುಗಳು ಬಂದವು. ಅಕ್ಷಾಂಶ, ರೇಖಾಂಶ,
ಪಕ್ಕದಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಅವರದೇ ಹೆಸರುಗಳು:
ಬೊಂಡಾಸ್ ಎರಡು. ರಾಣಿ ಹಳೇದು.
ಕಲ್ಲು ಬಲೆ ಹರಿದದ್ದು. ಕಲ್ಲು ಪುನಃ.
ದುಡ್ಡು.
ಸುಮ್ಮನೆ.
"ಸುಮ್ಮನೆ ಅಂದ್ರೆ?"

ಅಂಗೈ ಅಗಲಿಸಿ ಪರದೆ ಮುಚ್ಚಿದರು.
ಬೆರಳ ಸಂದಿಯಲ್ಲಿ ಮೂರು ದಶಾಂಶ ಇಣುಕಿತು.
"ನೀವು ನೋಡ್ಬಾರ್ದು. ನಿಮ್ಮ ಭಾವನದ್ದೂ ಬೋಟುಂಟಲ್ಲ."
ಉಂಟು. ಎರಡುಂಟು.

ಹಾಗಾಗಿ ನಾನು ಗೋಡೆಯ ಕ್ಯಾಲೆಂಡರು ನೋಡುತ್ತ
ಬೆರಳಿಗೆ ಗೊತ್ತಿದ್ದ ಕೀಲಿಗಳನ್ನು ಒತ್ತುತ್ತ
ಹೊಸ ಕಾರ್ಡಿಗೆ ಇಳಿಸಿದೆ.
ಆರುನೂರ ಎಂಬತ್ತರಲ್ಲಿ ನಾನೂರ ಹದಿಮೂರು.
"ಉಳಿದದ್ದು?"
ಅವರು ಕಣ್ಣು ಮುಚ್ಚಿದರು. ತುಟಿ ಅಲುಗಿತು:
ಕಾಪು ದೀಪ ಮುಳುಗಿದ ಮೇಲೆ ತೆಂಕಿಗೆ ಅರ್ಧ ಗಂಟೆ,
ನಲವತ್ತು ಮಾರು, ಅಡಿಯಲ್ಲಿ ಕಪ್ಪು ಕೆಸರು,
ಅಪ್ಪ ಅಲ್ಲಿ...
ನಾನಿದ್ದೇನೆಂದು ನೆನಪಾಗಿ ನಿಲ್ಲಿಸಿದರು.

"ನಿಮ್ಮ ಹತ್ರ ಇರುವುದನ್ನು ಅಳಿಸಿ. ನನ್ನೆದುರು."
ಅಳಿಸಿದೆ. ಕಸದ ಬುಟ್ಟಿಯನ್ನೂ ಬರಿದು ಮಾಡಿ ತೋರಿಸಿದೆ.
ಬೆಂಕಿಪೆಟ್ಟಿಗೆ ಜೇಬಿಗಿಳಿಸಿ ಹೋದರು.

ನಾನು ಹೇಳಲಿಲ್ಲ.
ಅಳಿಸಿದ್ದು ಹೋಗುವುದಿಲ್ಲ, ಬಾಗಿಲ ಮೇಲಿನ ನಂಬರು ಹೋಗುತ್ತದೆ,
ಒಳಗಿನವರು ಒಳಗೇ ಇರುತ್ತಾರೆ,
ನನ್ನ ಅಂಗಡಿ ನಡೆಯುವುದೇ ಅದರಿಂದ.

ಶಟರು ಪೂರ್ತಿ ಎಳೆದು ಒಳಗೇ ಕೂತೆ.
ಫೋನಿನಲ್ಲಿ ಭಾವನ ಮಿಸ್ ಕಾಲ್ ಎರಡು.
ಖಾಲಿ ಜಾಗಕ್ಕೆಲ್ಲ ಸೊನ್ನೆ ತುಂಬಲು ಹೇಳಿದೆ.
ಶೇಕಡಾ ಒಂದು. ಶೇಕಡಾ ಒಂದು. ಶೇಕಡಾ ಎರಡು.
ಎಷ್ಟೋ ಹೊತ್ತಿಗೆ ಕೆಳಗೆ ಯಂತ್ರ ನಿಂತಿತು,
ಬೋಟುಗಳಿಗೆ ಐಸ್ ತುಂಬಿ ಆಗಿರಬೇಕು.
'ಸುಮ್ಮನೆ'ಯ ಮೇಲೆ ಸೊನ್ನೆ ಬಿದ್ದದ್ದು ಯಾವಾಗಲೋ
ತಿಳಿಯಲೇ ಇಲ್ಲ.